ಗಾಜಿಗೆ ಒತ್ತಿದ ಮೂತಿ

ಡಬ್ಬಿಯ ತೂಕ ಕಳೆದ ಮೇಲೂ ಸಂಖ್ಯೆ ಹೋದ ವಾರದ್ದಕ್ಕಿಂತ ಜಾಸ್ತಿಯೇ ಇತ್ತು. ಮುಚ್ಚಳದ ಮೇಲೆ ತನ್ನ ಕೈಯ ಭಾರ ಬಿದ್ದಿತ್ತೇನೋ ಎಂದು ಮಾಸುಮಿ ತಕ್ಕಡಿಯನ್ನು ಆರಿಸಿ ಮತ್ತೆ ಹಾಕಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಅದೇ ಸಂಖ್ಯೆ. ಮೂಲಂಗಿ ಉಪ್ಪಿನಕಾಯಿ ಹಾಕುವ ಪ್ಲಾಸ್ಟಿಕ್ ಡಬ್ಬಿ ಅದು. ಮುಚ್ಚಳಕ್ಕೆ ಅವಳೇ ಸೂಜಿ ಕಾಯಿಸಿ ತೂತುಗಳನ್ನು ಮಾಡಿದ್ದಳು. ಮಬ್ಬು ಗೋಡೆಯ ಆಚೆ ಬಿಳಿ ಹಾವಿನ ಸುರುಳಿ ನಿಧಾನವಾಗಿ ಬಿಚ್ಚಿಕೊಂಡಿತು, ಮತ್ತೆ ಸುತ್ತಿಕೊಂಡಿತು, ಕೊನೆಗೆ ಮೂಲೆಗೆ ಮೂತಿ ಒತ್ತಿ ನಿಂತಿತು. ಮನೆಗೆ ಬಂದು ತಿಂಗಳು ದಾಟಿತ್ತು. ಅವಳ ಕಣ್ಣಿಗೆ ಬಿದ್ದ ಹಾಗೆ ಒಂದು ತುತ್ತೂ ತಿಂದಿರಲಿಲ್ಲ. ತಿನ್ನದ ಜೀವ ಸೊರಗಬೇಕಲ್ಲ, ತೂಕ ಏರುವುದು ಎಂದರೇನು? ರೋಗವಿರಬಹುದು, ಒಳಗೆ ನೀರು ತುಂಬಿರಬಹುದು, ಅಥವಾ ತಕ್ಕಡಿಯೂ ಈ ಮನೆಯ ಉಳಿದೆಲ್ಲ ವಸ್ತುಗಳ ಹಾಗೆ ತನಗೆ ಬೇರೆಯದೇ ಲೆಕ್ಕ ಹೇಳುತ್ತಿರಬಹುದು ಎಂದುಕೊಂಡಳು.

ಅವಳಿಗೆ ಕೆಲಸದ ರಜೆ ಇದ್ದು, ಅತ್ತೆ ತೊಕಿಯೆಯನ್ನು ಮುದುಕರ ಸ್ನಾನದ ಕೇಂದ್ರದ ವ್ಯಾನು ಕರೆದೊಯ್ಯುವ ದಿನ ಮಾತ್ರ ಈ ತೂಕದ ಕೆಲಸ. ಮೊದಲ ಸಲ ತೊಕಿಯೆ ಮನೆಯಲ್ಲಿದ್ದಾಗಲೇ ತೂಗಲು ಹೋಗಿದ್ದಳು. ತೊಕಿಯೆ ಬೈಯಲಿಲ್ಲ, ನಕ್ಕಳು. ನಕ್ಕು, ಸಂಜೆ ಕಸ ಹಾಕಲು ಹೋದಾಗ ಪಕ್ಕದ ಮನೆಯವಳಿಗೆ ಹೇಳಿದಳು: ನಮ್ಮ ಸೊಸೆ ದೇವಿಯ ದೂತನನ್ನ ಮೂಲಂಗಿ ಡಬ್ಬೀಲಿ ಹಾಕಿ ತೂಗ್ತಾಳೆ ಕಣ್ರೀ, ಯಾವ ಬೆಲೆಗೆ ಮಾರ್ತಾಳೋ ಏನೋ. ಪಕ್ಕದವಳು ಮರುದಿನ ಎದುರಾದಾಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಅಷ್ಟೇ. ಯಾರೂ ಕೆಟ್ಟ ಮಾತು ಆಡಿರಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಕೆಟ್ಟ ಮಾತು ಆಡಿರಲಿಲ್ಲ, ಅದೇ ತೊಂದರೆ. ಬೈದಿದ್ದರೆ ಎದುರಾಡಬಹುದಿತ್ತು.

ಹಾವು ಅವಳದಾಗಿದ್ದದ್ದು ಒಂದು ಸಂಜೆಯ ಮಟ್ಟಿಗೆ. ಟವೆಲ್ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಅವಳ ಎದುರಿಗೆ ಕೂರುವ ಶಿಹೊ ಮದುವೆಯಾಗುವವಳಿದ್ದಳು. ಗಂಡಾಗುವವನಿಗೆ ಹಾವೆಂದರೆ ಮೈ ಬೆವರುತ್ತಿತ್ತು. ಯಾರಾದರೂ ಸಾಕಿಕೊಳ್ಳುತ್ತೀರಾ ಎಂದು ಊಟದ ಬಿಡುವಿನಲ್ಲಿ ಶಿಹೊ ಕೇಳಿದಾಗ ಎಲ್ಲರೂ ನಕ್ಕರು. ನಾನು ಸಾಕುತ್ತೇನೆ ಎಂದು ಯಾರೋ ಹೇಳಿದ್ದು ಕೇಳಿಸಿತು, ಅದು ತನ್ನದೇ ದನಿ ಎಂದು ಮಾಸುಮಿಗೆ ಆಮೇಲೆ ತಿಳಿಯಿತು. ಇಲಿ ತಿನ್ನುವ ಜಾತಿ, ವಿಷವಿಲ್ಲ, ಹಾಲಿನಂಥ ಬಿಳುಪು. ಬಟ್ಟಲಲ್ಲಿ ಸುತ್ತಿಟ್ಟ ದಪ್ಪ ಶ್ಯಾವಿಗೆಯ ಹಾಗೆ ಕಾಣುತ್ತದೆಂದು ಶಿಹೊ ಅದಕ್ಕೆ ಉದೊನ್ ಎಂದೇ ಹೆಸರಿಟ್ಟಿದ್ದಳು. ಮೊದಲ ಸಲ ಅಂಗೈಗೆ ಬಂದಾಗ ಅದು ಒಣಗಿದ ರೇಷ್ಮೆಯ ಹಾಗಿತ್ತು, ತಣ್ಣಗಿತ್ತು. ಮುಖ್ಯವಾಗಿ, ಅವಳ ಮುಖ ನೋಡಲಿಲ್ಲ. ಮುಖ ನೋಡಿ ಏನನ್ನಾದರೂ ಓದಿಕೊಳ್ಳದ ಜೀವವೊಂದು ಮನೆಯಲ್ಲಿರಲಿ ಎಂದು ಅನ್ನಿಸಿತ್ತೇನೋ. ಗಾಜಿನ ಪೆಟ್ಟಿಗೆಯನ್ನು ಹೊತ್ತು ಬಂದಾಗ ಗಂಡ ಯಸುನೊರಿ ಬಾಗಿಲಲ್ಲೇ, ಐವತ್ತಕ್ಕೆ ಹತ್ತಿರ ಬಂದ ಮೇಲೆ ಇದೇನು ಹುಡುಗಾಟ, ನಾಳೆನೇ ವಾಪಸ್ ಕೊಡು ಎಂದ. ಆಗ ತೊಕಿಯೆ ಚಪ್ಪಲಿ ಎಳೆಯುತ್ತ ಬಂದು, ಬಗ್ಗಿ, ಬಿಳುಪನ್ನು ಕಂಡು, ಎರಡೂ ಕೈ ಜೋಡಿಸಿದಳು. ಬಿಳಿಯದು ಬೆಂತೆನ್ ದೇವಿಯ ದೂತ, ಬಂದದ್ದನ್ನು ಹೊರಗೆ ಹಾಕುವುದುಂಟೇ, ನಿಮ್ಮಪ್ಪ ಹೋದ ಮೇಲೆ ಖಾಲಿ ಹೊಡೆಯುತ್ತಿದ್ದ ಮನೆ ಎಂದಳು. ಆ ರಾತ್ರಿಯೇ ಪೆಟ್ಟಿಗೆ ಮಾಸುಮಿಯ ಹೊಲಿಗೆ ಮೂಲೆಯಿಂದ ತೊಕಿಯೆಯ ಕೋಣೆಗೆ, ಹಿರಿಯರ ಪೂಜೆಯ ಕಪಾಟಿನ ಪಕ್ಕಕ್ಕೆ ಹೋಯಿತು. ಉದೊನ್ ಎಂಬ ಹೆಸರೂ ಹೋಗಿ, ಇಲ್ಲಿನ ಮುದುಕಿಯರು ಹಾವಿಗೆ ಮರ್ಯಾದೆ ಕೊಟ್ಟು ಕರೆಯುವಂತೆ ಮೀಸಾನ್ ಆಯಿತು. ಹಾವು ಉಳಿಯಿತಲ್ಲ, ಅದಕ್ಕಾಗಿ ಮಾಸುಮಿ ಅತ್ತೆಗೆ ಥ್ಯಾಂಕ್ಸ್ ಹೇಳಿದ್ದಳು. ಬಗ್ಗಿ ಹೇಳಿದ್ದಳು.

ಇವತ್ತು ಬೆಳಿಗ್ಗೆ ಮಿಸೊ ಸಾರಿನ ಬಟ್ಟಲಿನಿಂದ ಮುಖ ಎತ್ತದೆ ಯಸುನೊರಿ ಹೇಳಿದ್ದ. "ಅಪ್ಪನ ವರ್ಷದ ಪೂಜೆಗೆ ಎಲ್ಲರೂ ಬರ್ತಾರೆ. ಅಷ್ಟರೊಳಗೆ ಅದು ತಿನ್ನೋಕೆ ಶುರು ಮಾಡದಿದ್ರೆ ಸಾಕುಪ್ರಾಣಿ ಅಂಗಡಿಯವರಿಗೆ ಕೊಟ್ಟುಬಿಡೋಣ. ಕಪಾಟಿನ ಪಕ್ಕದಲ್ಲೇ ಸೊರಗಿ ಸತ್ತರೆ ಅಮ್ಮ ಅದನ್ನ ಬೇರೆ ಥರ ತಗೋತಾಳೆ." ಹೊಸ ಮನೆಗೆ ಬಂದ ಹಾವು ವಾರಗಟ್ಟಲೆ ಮುನಿಸಿಕೊಳ್ಳುವುದುಂಟು, ಅದರಿಂದ ಸಾಯುವುದಿಲ್ಲ ಎಂದು ಶಿಹೊ ಹೇಳಿದ್ದನ್ನು ಮಾಸುಮಿ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ತೊಕಿಯೆ ಅನ್ನದ ಪಾತ್ರೆ ಹಿಡಿದು ಬಂದು, ಕೇಳದೆ, ಅವಳ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು. ಬಾಯಲ್ಲಿ ಅನ್ನವಿತ್ತು. ಮಾತು ಅಲ್ಲಿಗೆ ನಿಂತಿತು.

ಮುಚ್ಚಳ ತೆಗೆದು ಅವಳು ಹಾವನ್ನು ಎತ್ತಿಕೊಂಡಳು. ತೂಕವನ್ನು ನಂಬಬೇಡಿ ಅಕ್ಕ, ಮೈ ನೋಡಿ ಎಂದಿದ್ದಳು ಶಿಹೊ. ಹಸಿದ ಹಾವಿನ ಮೈ ಮೂರು ಮೂಲೆಯ ಮಾಡಿನ ಹಾಗಿರುತ್ತದೆ. ಬೆನ್ನುಮೂಳೆ ಏಣಾಗಿ ಎದ್ದು ಎರಡೂ ಬದಿ ಇಳಿಜಾರಾಗುತ್ತದೆ, ಬಳುಕಿದಾಗ ಚರ್ಮ ಸಡಿಲ ಮಡಿಕೆ ಬೀಳುತ್ತದೆ. ಸರಿಯಾಗಿ ಉಂಡದ್ದು ಬ್ರೆಡ್ಡಿನ ಹಾಗೆ, ಅಡಿ ಚಪ್ಪಟೆ, ಮೇಲೆ ದುಂಡು. ಅತಿಯಾದರೆ ಹುರುಪೆಗಳ ನಡುವೆ ಚರ್ಮ ಕಾಣತೊಡಗುತ್ತದೆ, ಚಿಕ್ಕಂದಿನಲ್ಲಿ ಹೊಲಿಸಿದ ಅಂಗಿಯ ಗುಂಡಿಗಳ ನಡುವೆ ಕಾಣುವ ಹಾಗೆ. ಶಿಹೊ ಇದನ್ನು ಹೇಳುವಾಗ ಮಾಸುಮಿ ಅರಿವಿಲ್ಲದೆ ತನ್ನ ಮೇಲಂಗಿಯ ಅಂಚನ್ನು ಕೆಳಕ್ಕೆ ಎಳೆದುಕೊಂಡಿದ್ದಳು.

ಕಣ್ಣಿಗೆ ಎಲ್ಲವೂ ಬಿಳುಪೇ. ಬೆಳಕಿಗೆ ಹಿಡಿದರೆ ಸೊರಗಿದೆ ಅನ್ನಿಸುತ್ತಿತ್ತು, ನೆರಳಿಗೆ ಹಿಡಿದರೆ ಇಲ್ಲ ಅನ್ನಿಸುತ್ತಿತ್ತು. ಸೊರಗಿದೆ ಎಂದೇ ಅವಳು ತಿಂಗಳಿಂದ ನಂಬಿದ್ದಳು, ಏಕೆಂದರೆ ಅದು ತನ್ನ ಕೈಯಿಂದ ತಿನ್ನಲಿಲ್ಲ. ವಾರಕ್ಕೊಂದು ಸಲ ಫ್ರೀಜರಿನಿಂದ ಇಲಿಮರಿ ತೆಗೆದು, ಬಿಸಿನೀರಿನಲ್ಲಿಟ್ಟು, ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸುವಾಗ ಹಾವು ನಾಲಿಗೆ ಚಾಚಿ, ನೋಡಿ, ಬೇರೆ ಕಡೆ ಹೊರಳುತ್ತಿತ್ತು. ಹಿಂದಿನಿಂದ ತೊಕಿಯೆ, ನಿನ್ನ ಕೈ ತಣ್ಣಗಿದೆಯಲ್ಲ ಮಾಸುಮಿ, ಅದಕ್ಕೇ ಎನ್ನುತ್ತಿದ್ದಳು, ಮರುಕದಿಂದ. ಬೆಚ್ಚಗಿನ ಕೈ ತೊಕಿಯೆಯದು. ಆ ಕೈ ಮಾಸುಮಿಯ ಬಟ್ಟಲಿಗೆ ಯಕೃತ್ತು ಹಾಕಿತ್ತು, ಕೆಂಪು ಮೀನಿನ ತಲೆ ಹಾಕಿತ್ತು, ಕರಿಎಳ್ಳು ಅರೆದು ಹಾಕಿತ್ತು, ಮದುವೆಯಾದ ಮೊದಲ ವರ್ಷಗಳಲ್ಲಿ. ಬಚ್ಚಲಿನಿಂದ ಹೊರಬಂದರೆ ನಿಂತು ತೂಗುವ ತಕ್ಕಡಿ ಹೊಸ್ತಿಲ ಹತ್ತಿರವೇ ಇರುತ್ತಿತ್ತು, ಬಾಗಿಲಾಚೆ ಬೆಚ್ಚಗಿನ ಟವೆಲ್ ಹಿಡಿದ ತೊಕಿಯೆ ಇರುತ್ತಿದ್ದಳು, ಎಷ್ಟಾಯಿತಮ್ಮ ಎನ್ನುತ್ತಿದ್ದಳು. ಮೊದಲನೆಯದು ನಿಲ್ಲದೆ ಹೋದಾಗ ಆಸ್ಪತ್ರೆಯ ಮಂಚದ ಪಕ್ಕ ಕೂತು ಅವಳ ಸೊಂಟ ಸವರುತ್ತ, ಹಿಡಿಯಷ್ಟು ಮಾಂಸವಿಲ್ಲ, ಪಾಪ, ಮಗು ಯಾವುದನ್ನ ಹಿಡ್ಕೊಂಡು ನಿಂತ್ಕೋಬೇಕು ಹೇಳು ಎಂದಿದ್ದಳು. ಎರಡನೆಯದೂ ಹೋಯಿತು. ಆಮೇಲೆ ಯಾರೂ ತೂಕ ಕೇಳಲಿಲ್ಲ, ಊಟ ಮಾತ್ರ ನಿಲ್ಲಲಿಲ್ಲ. ಮಾವನ ಸಾವಿನ ದಿನ ಕಪ್ಪು ಕಿಮೊನೊದ ನಡುಪಟ್ಟಿ ಬಿಗಿಯುತ್ತ ನಾದಿನಿ, ಅಮ್ಮ ಸಾಕಿದ ಮೈ ನೋಡು, ಎಳೆಯೋಕೆ ಇಬ್ಬರು ಬೇಕು ಎಂದಾಗ ಕೋಣೆಯ ಹೆಂಗಸರೆಲ್ಲ ಅಳುತ್ತಲೇ ನಕ್ಕಿದ್ದರು. ಮಾಸುಮಿಯೂ ನಕ್ಕಿದ್ದಳು.

ಅವಳು ಕಣ್ಣು ಮುಚ್ಚಿದಳು. ಕಾರ್ಖಾನೆಯಲ್ಲೂ ಹೀಗೇ ಮಾಡುತ್ತಾಳೆ, ಮೇಲ್ವಿಚಾರಕ ನೋಡದಿದ್ದಾಗ. ಮೇಜಿನ ಮೇಲೆ ಬಟ್ಟೆ ಹರಿಯುತ್ತಿರುತ್ತದೆ, ಅಂಗೈ ಅದರ ಮೇಲೆ ನಿಂತಿರುತ್ತದೆ. ಬಿಳಿ ಬಟ್ಟೆಯ ಮೇಲಿನ ಬಿಳಿ ದಾರದ ತಪ್ಪು ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ಕುಣಿಕೆ ಎಳೆದಿದ್ದರೆ, ಒಂದು ಸಾಲು ಬೋಳಾಗಿದ್ದರೆ, ಒಳಗೆ ಗಂಟು ಉಳಿದಿದ್ದರೆ. ಜಿಡ್ಡು ತಾಗಬಾರದೆಂದು ಆ ಮೇಜಿನವರು ಚಳಿಗಾಲದಲ್ಲೂ ಕೈಗೆ ಏನೂ ಹಚ್ಚುವುದಿಲ್ಲ, ಬಿರಿದ ಬೆರಳು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಹಾವನ್ನು ಅವಳು ಬಟ್ಟೆಯ ಹಾಗೆ ಹರಿಯಬಿಟ್ಟಳು, ಕುತ್ತಿಗೆಯಿಂದ ಬಾಲದ ಕಡೆಗೆ. ಬೆನ್ನಿನ ಏಣು ಎಲ್ಲೂ ಸಿಗಲಿಲ್ಲ. ಬದಿಗಳು ತುಂಬಿಕೊಂಡಿದ್ದವು, ಅತಿಯಾಗಿಯೇ ತುಂಬಿದ್ದವು. ಬಾಲ ಶುರುವಾಗುವಲ್ಲಿ ಸಣ್ಣಗೆ ಇಳಿಯಬೇಕಾದದ್ದು ಮೆಟ್ಟಿಲಿನಂತೆ ದಪ್ಪಗೆ ನಿಂತು ಇಳಿದಿತ್ತು. ನಡುಮೈಯ ಹತ್ತಿರ ಬೆರಳು ನಿಂತಿತು. ಅಲ್ಲೊಂದು ಗಂಟು. ಅದರ ಹಿಂದೆ ಇನ್ನೊಂದು, ಸ್ವಲ್ಪ ಮೆತ್ತಗಿನದು, ಕರಗುತ್ತಿರುವಂಥದು. ಎರಡೂ ದುಂಡಗೆ, ಒಂದೇ ಅಳತೆಯವು.

ತನ್ನ ಹೊಟ್ಟೆಯೊಳಗೇ ಏನೋ ತಾಗಿದಂತೆ ಅವಳು ಕೈ ಸಡಿಲಿಸಿದಳು. ಉಂಡ ಹಾವನ್ನು ಎತ್ತಬಾರದು, ಕಕ್ಕಿಬಿಡುತ್ತದೆ. ನಿಧಾನವಾಗಿ ತೊಕಿಯೆಯ ಕೋಣೆಗೆ ನಡೆದು ಅದನ್ನು ಪೆಟ್ಟಿಗೆಗೆ ಇಳಿಸಿ ಗಾಜು ಎಳೆದಳು. ಪಕ್ಕದ ಕಪಾಟಿನಲ್ಲಿ ಮಾವನ ಚಿತ್ರ, ಬೆಳಗಿನ ಅನ್ನದ ಕಿರುಬಟ್ಟಲು, ನೀರು, ಆರಿದ ಊದುಬತ್ತಿ. ಕೆಳಗೆ ಗಾಜಿನ ಪೆಟ್ಟಿಗೆಯ ಮುಂದೆ ಮೀಸಾನ್‌ಗೆಂದು ಇಟ್ಟ ಬಿಳಿ ಪಿಂಗಾಣಿ ತಟ್ಟೆ, ಖಾಲಿ. ಹಾವಿನ ಗುಡಿಗೆ ಹೋದವರು ಹಸಿಮೊಟ್ಟೆ ಇಟ್ಟು ಬರುವುದು ರೂಢಿ. ಮನೆಗೆ ದೂತ ಬಂದ ಮೇಲೆ ತೊಕಿಯೆ ಗೌಜಲಹಕ್ಕಿಯ ಮೊಟ್ಟೆ ತರಿಸುತ್ತಿದ್ದಳು, ಕೋಳಿಯದು ಆ ಬಾಯಿಗೆ ದೊಡ್ಡದಾಗುತ್ತದೆ ಎಂದು. ತರುತ್ತಿದ್ದವಳು ಮಾಸುಮಿಯೇ, ಪ್ರತಿ ಶನಿವಾರ ಟೋಫು, ಹಸಿಈರುಳ್ಳಿಗಳ ಜೊತೆ. ದೇವರ ಮುಂದಿಟ್ಟದ್ದನ್ನು ಇಳಿಸಿದ ಮೇಲೆ ಮನೆಯವರೇ ತಿನ್ನುವುದಲ್ಲವೇ, ಅತ್ತೆ ಒಬ್ಬಳೇ ಬೇಯಿಸಿಕೊಂಡು ತಿನ್ನುತ್ತಾಳೆ ಎಂದು ಅವಳು ತಿಳಿದಿದ್ದಳು. ಮುದುಕಿ ಕದ್ದು ತಿನ್ನುತ್ತಾಳೆಂದು ಸಣ್ಣ ಸಮಾಧಾನವೂ ಇತ್ತು, ಏಕೆಂದರೆ ಅವಳೂ ಎಷ್ಟೋ ವರ್ಷ, ಮನೆಯ ಊಟ ಸಾಕಾಗಿ ಅಲ್ಲ, ಯಾರೂ ಹಾಕದ್ದನ್ನು ತಿನ್ನಬೇಕೆಂದು, ಕಾರ್ಖಾನೆಯ ಹಿಂದೆ ಕಾರು ನಿಲ್ಲಿಸಿ ಬನ್ನು ತಿಂದಿದ್ದಳು, ಅದೂ ಬೇಡವೆನ್ನಿಸುವವರೆಗೆ.

ಶಿಹೊಗೆ ಫೋನ್ ಮಾಡಿದಳು. ಕಾರ್ಖಾನೆಯ ಬಿಡುವಿನ ಹೊತ್ತು, ಹಿಂದೆ ಚಹಾ ಯಂತ್ರದ ಸದ್ದು. ಗಂಟುಗಳು ದೇವರಿಗಿಟ್ಟ ಮೊಟ್ಟೆಗಳೇ ಇರಬೇಕು ಎಂದದ್ದಕ್ಕೆ ಮೊದಲು ಶಿಹೊ ನಕ್ಕಳು, ದೇವರಾಗಿಬಿಟ್ಟಿದ್ದಾನಾ ನಮ್ಮ ಉದೊನ್ ಎಂದಳು. ಆಮೇಲೆ ಎಷ್ಟು ಮೊಟ್ಟೆ, ಎಷ್ಟು ದಿನಕ್ಕೊಮ್ಮೆ ಎಂದು ಕೇಳಿ, ಮಾಸುಮಿ ಖಾಲಿಯಾಗುತ್ತಿದ್ದ ಮೊಟ್ಟೆಡಬ್ಬಿಗಳನ್ನು ನೆನೆದು ಹೇಳಿದ ಮೇಲೆ, ಅವಳ ದನಿ ಇಳಿಯಿತು.

"ಅದು ಬೇಡ ಅನ್ನಲ್ಲ ಅಕ್ಕ. ಎದುರಿಗೆ ಬಂದದ್ದನ್ನ ನುಂಗುತ್ತೆ, ನಾಳೆ ಸಿಗುತ್ತೋ ಇಲ್ಲವೋ ಅಂತ. ಹಸಿದ ಹಾವು ಸಾಯೋಕೆ ಬಹಳ ದಿನ ಬೇಕು, ನಮಗೂ ಕಾಣಿಸುತ್ತೆ. ಉಂಡು ಕೊಬ್ಬಿದ್ದು ಚೆನ್ನಾಗೇ ಕಾಣುತ್ತೆ, ಒಂದಿನ ಇರಲ್ಲ."

ಹಾಗಾದರೆ ದಿನಾ ಸಂಜೆ ಗಾಜಿಗೆ ಮೂತಿ ತಿಕ್ಕುತ್ತದಲ್ಲ, ಅದು ಹಸಿವಲ್ಲವೇ ಎಂದು ಮಾಸುಮಿ ಕೇಳಿದಳು.

"ಅದಕ್ಕೆ ಗಾಜು ಅಂದ್ರೆ ಏನು ಅಂತ ಗೊತ್ತಾಗಲ್ಲ. ದಾರಿ ಹುಡುಕ್ತಿರುತ್ತೆ, ಅಷ್ಟೇ. ಮೊಟ್ಟೆ ನಿಲ್ಲಿಸಿ, ಒಂದೆರಡು ವಾರ ಏನೂ ಕೊಡಬೇಡಿ. ಆಮೇಲೆ ನಿಮ್ಮ ಕೈಯಿಂದ ಇಲಿ ತಗೊಳ್ಳದಿದ್ರೆ ಕೇಳಿ."

ಫೋನ್ ಇಟ್ಟ ಮೇಲೂ ಮಾಸುಮಿ ಅಲ್ಲೇ ಕೂತಿದ್ದಳು. ಹಾವು ಆಗಲೇ ಗಾಜಿನ ಮೂಲೆಯಲ್ಲಿತ್ತು. ಅದರ ಮೂತಿಯ ತುದಿಯಲ್ಲಿ ಹುರುಪೆ ಸವೆದು ಸಣ್ಣ ಗುಲಾಬಿ ಚುಕ್ಕೆಯಾಗಿತ್ತು. ಮದುವೆಯಾದ ಮೊದಲ ಬೇಸಿಗೆಯಲ್ಲಿ ತಾನು ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲುತ್ತಿದ್ದದ್ದು ನೆನಪಾಯಿತು. ದೂರದಲ್ಲಿ ಹಡಗುಕಟ್ಟೆಯ ಕ್ರೇನುಗಳು, ಅವುಗಳ ಆಚೆ ಒಂದು ಚೂರು ಸಮುದ್ರ. ಏನನ್ನೂ ನೋಡುತ್ತಿರಲಿಲ್ಲ, ಸುಮ್ಮನೆ ಹಣೆ ಗಾಜಿಗೆ ತಾಗಿರುತ್ತಿತ್ತು. ತೊಕಿಯೆ ಹಿಂದಿನಿಂದ ಬಂದು, ಹಸಿವಾ ಎಂದು, ಒದ್ದೆ ಕೈಯಲ್ಲಿ ಅನ್ನದ ಉಂಡೆ ಕಟ್ಟಿ ಕೊಡುತ್ತಿದ್ದಳು. ಒಳಗೆ ಉಪ್ಪು ಹಾಕಿದ ಹುಳಿಹಣ್ಣು. ಅಲ್ಲ ಎಂದು ಹೇಳಬಹುದಿತ್ತು, ಆದರೆ ಅಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಉತ್ತರ ಇರಲಿಲ್ಲ. ತಿನ್ನುವುದೇ ಸುಲಭವಾಗಿತ್ತು. ತಿಂದಳು.

ವ್ಯಾನಿನ ಸದ್ದು. ತೊಕಿಯೆ ಬಿಸಿನೀರಿನಲ್ಲಿ ನೆಂದು ಕೆಂಪಾಗಿ, ಮಗುವಿನ ಹಾಗೆ ಸೋಪಿನ ವಾಸನೆ ಸೂಸುತ್ತ ಒಳಗೆ ಬಂದಳು. ಚೀಲದಿಂದ ಕಾಗದದಲ್ಲಿ ಸುತ್ತಿದ ಸಿಹಿ ಹುರುಳಿಯ ಕಡುಬು ತೆಗೆದು, ಎಲ್ಲರೂ ಅಲ್ಲೇ ತಿಂದರು, ನಾನು ನಿನಗೇ ಅಂತ ಇಟ್ಟುಕೊಂಡು ಬಂದೆ ಎಂದಳು. ಮಾಸುಮಿ ನಿಂತುಕೊಂಡೇ ಅದನ್ನು ಕಚ್ಚಿದಳು. ಕಚ್ಚಿದ ಮೇಲೆ, ಬಾಯಲ್ಲಿ ಸಿಹಿ ಇರುವಾಗಲೇ, ಅಮ್ಮ, ಮೀಸಾನ್‌ಗೆ ಮೊಟ್ಟೆ ಕೊಡ್ತಿದ್ದೀರಾ ಎಂದು ಕೇಳಿದಳು. ನಾಚಿಕೆಯೋ ಸಿಟ್ಟೋ ಕಾಣಬಹುದೆಂದು ಅವಳು ಆ ಮುಖ ನೋಡಿದಳು. ಎರಡೂ ಇರಲಿಲ್ಲ. ಮುದುಕಿಯ ಕಣ್ಣು ಹೊಳೆಯಿತು, ಯಾರಾದರೂ ಕೇಳಲಿ ಎಂದೇ ಕಾದಿದ್ದವಳ ಹಾಗೆ.

"ನೀನು ಕೆಲಸಕ್ಕೆ ಹೋದ ಮೇಲೆ ಕೊಡ್ತೀನಿ. ಗಾಜಿಗೆ ಮುಖ ಒತ್ತಿ ಕೇಳುತ್ತಲ್ಲಮ್ಮ, ಇಲ್ಲ ಅನ್ನೋಕಾಗುತ್ತಾ? ಅಂಗೈ ಮೇಲೆ ಇಟ್ಟು ಹಿಡಿದರೆ ಎಷ್ಟು ನಿಧಾನಕ್ಕೆ ಬಾಯಿ ತೆಗೆಯುತ್ತೆ ಗೊತ್ತಾ, ಬೆರಳಿಗೆ ತಾಗದ ಹಾಗೆ." ತೊಕಿಯೆ ತನ್ನ ಅಂಗೈಯನ್ನು ತಾನೇ ನೋಡಿಕೊಂಡಳು. "ಈ ಮನೇಲಿ ಒಂದಾದರೂ ನನ್ನ ಕೈಯಿಂದ ಇಷ್ಟಪಟ್ಟು ತಿಂತು."

ಮಾಸುಮಿಯ ಬಾಯಲ್ಲಿ ಕಡುಬು ನಿಂತಿತು. ಹಾಗಾದರೆ ತಾನು ಇಷ್ಟಪಟ್ಟು ತಿನ್ನಲಿಲ್ಲವೆಂದು ಮುದುಕಿಗೆ ಗೊತ್ತಿತ್ತು, ಪ್ರತಿ ಸೌಟಿನ ಹಿಂದೆ, ಪ್ರತಿ ಉಂಡೆಯ ಹಿಂದೆ, ಗೊತ್ತಿದ್ದೂ ಹಾಕುತ್ತಿದ್ದಳು, ಬೇಡವಾಗಿದ್ದೂ ಮಾಸುಮಿ ತಿನ್ನುತ್ತಿದ್ದಳು. ಹೇಳಬೇಕಾದ್ದು ನಾಲಿಗೆಯ ಹಿಂದೆ ಸಾಲಾಗಿ ನಿಂತಿತ್ತು: ಅದು ಕೇಳುತ್ತಿಲ್ಲ, ಅದಕ್ಕೆ ಹಸಿವಿಲ್ಲ, ಹೀಗೇ ಕೊಟ್ಟರೆ ಸಾಯುತ್ತದೆ. ಅವಳು ಹೇಳಿದ್ದು, ಶಿಹೊ ಸ್ವಲ್ಪ ಕಡಿಮೆ ಮಾಡಿ ಅಂದಳು ಎಂದಷ್ಟೇ. ತೊಕಿಯೆ ನಕ್ಕಳು. ಆ ಹುಡುಗಿಗೇನು ಗೊತ್ತು, ಮದುವೆಗೆ ಮುಂಚೆ ಮೂರು ಹೊತ್ತು ಉಪವಾಸ ಇದ್ದವಳು, ಹಾವನ್ನೂ ಹಾಗೇ ಇಟ್ಟಿದ್ದಳು, ಬಂದಾಗ ಹೇಗಿತ್ತು, ಈಗ ಹೇಗಿದೆ ನೋಡು. ನೋಡು ಎಂದು ಪೆಟ್ಟಿಗೆಯ ಕಡೆ ಕೈ ತೋರಿಸಿದಳು. ಪೂಜೆಗೆ ಬಂದವರೆಲ್ಲ ನೋಡಲಿ ಎಂದಳು. ಕಾಲು ಚಾಚಿ ಮಲಗಿ, ಎದೆಯವರೆಗೆ ಹೊದಿಕೆ ಎಳೆದುಕೊಂಡಳು. ಸ್ನಾನದ ದಿನ ಅವಳಿಗೆ ಮಧ್ಯಾಹ್ನದ ನಿದ್ದೆ ಬೇಗ ಬರುತ್ತದೆ.

ಯಸುನೊರಿಗೆ ಹೇಳಬಹುದು. ಅವನು ಏನು ಹೇಳುತ್ತಾನೆಂದು ಅವಳಿಗೆ ಅಡುಗೆಮನೆಯ ಮೆಟ್ಟಿಲಿಳಿಯುವಷ್ಟರಲ್ಲೇ ಕೇಳಿಸಿತು. ಓ, ತಿಂತಾ ಇದೆಯಾ ಹಾಗಾದ್ರೆ, ಸರಿ ಬಿಡು. ಅಮ್ಮನಿಗೆ ಅಪ್ಪ ಹೋದ ಮೇಲೆ ಇದೊಂದು ಸಂತೋಷ, ಹಾವಿಗೋಸ್ಕರ ಅದನ್ನೂ ಕಿತ್ಕೋತೀಯಾ? ಅವನು ಕೆಟ್ಟವನಲ್ಲ. ಮೊಟ್ಟೆ ತರುವುದನ್ನು ನಿಲ್ಲಿಸಬಹುದು. ತೊಕಿಯೆ ಪಕ್ಕದವಳ ಕೈಯಲ್ಲಿ ತರಿಸುತ್ತಾಳೆ, ಸೊಸೆ ದೇವರಿಗೆ ಮೊಟ್ಟೆ ತರಲೂ ಮರೆತಳು ಎಂದು ನಗುತ್ತಾಳೆ. ಪೆಟ್ಟಿಗೆಗೆ ಬೀಗ ಹಾಕಬಹುದು. ಕಪಾಟಿನ ಪಕ್ಕದಲ್ಲಿ, ಮಾವನ ಚಿತ್ರದ ಕೆಳಗೆ, ಬೀಗ. ಶಿಹೊಗೆ ವಾಪಸ್ ಕೊಡುವಂತಿಲ್ಲ. ಅಂಗಡಿಗೆ ಕೊಟ್ಟರೆ ಹಾವು ಬದುಕಬಹುದು, ಯಾರದೋ ಮನೆಯಲ್ಲಿ. ಹಾಗೆ ಯೋಚಿಸಿದಾಗ ಅವಳ ಬೆರಳುಗಳು, ಒಣಗಿದ ಬಿರಿದ ಬೆರಳುಗಳು, ತಾವಾಗಿ ಮುಚ್ಚಿಕೊಂಡವು. ಇಲ್ಲ. ಅದೊಂದನ್ನು ಕೊಡುವುದಿಲ್ಲ.

ಫ್ರಿಜ್ಜಿನ ಬಾಗಿಲಲ್ಲಿ ಮೊನ್ನೆಯ ಡಬ್ಬಿ ಇತ್ತು, ಮುಕ್ಕಾಲು ತುಂಬಿದ್ದು. ಕಂದು ಮಚ್ಚೆಯ ಪುಟ್ಟ ಮೊಟ್ಟೆಗಳು, ಒಂದರ ಮಚ್ಚೆಯ ಹಾಗೆ ಇನ್ನೊಂದರದಿಲ್ಲ. ಅವಳು ಬಾಗಿಲು ಹಿಡಿದುಕೊಂಡೇ ನಿಂತಳು. ಆ ಯೋಚನೆ ಯೋಚನೆಯಾಗಿ ಬರಲಿಲ್ಲ. ಕೈ ಚಿಕ್ಕ ಪಾತ್ರೆಯನ್ನು ಇಳಿಸಿತು, ನೀರು ತುಂಬಿತು, ಮೊಟ್ಟೆಗಳನ್ನು ಒಂದೊಂದಾಗಿ ಇಳಿಬಿಟ್ಟಿತು. ಆಮೇಲೆ ಅವಳಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯಿತು. ಹಾವಿಗೆ ಕಣ್ಣಿಗಿಂತ ನಾಲಿಗೆ ದೊಡ್ಡದು, ವಾಸನೆ ಹಿಡಿಯುವುದೂ ಅದರಿಂದಲೇ. ಬೆಂದು ಹಸಿವಾಸನೆ ಸತ್ತ ಮೊಟ್ಟೆ ಅದಕ್ಕೆ ಕಲ್ಲು. ಬೇಯಿಸಿ, ತಣ್ಣೀರಿಗೆ ಹಾಕಿ, ಒರೆಸಿ, ಡಬ್ಬಿಯ ಗುಳಿಗಳಲ್ಲಿ ಮೊನೆ ಕೆಳಗಾಗಿ ಇದ್ದ ಹಾಗೇ ಕೂರಿಸಿದರೆ ಚಿಪ್ಪಿನ ಹೊರಗೆ ಏನೂ ಕಾಣುವುದಿಲ್ಲ. ಮುಂದಿನ ಶನಿವಾರವೂ ಹಾಗೇ, ಅದರ ಮುಂದಿನದೂ. ನಾಳೆ ಅವಳು ಕೆಲಸಕ್ಕೆ ಹೋದ ಮೇಲೆ ತೊಕಿಯೆ ಗಾಜು ಸರಿಸಿ ಅಂಗೈ ಚಾಚುತ್ತಾಳೆ. ಹಾವು ನಾಲಿಗೆ ಆಡಿಸಿ, ಆ ಬೆಚ್ಚಗಿನ ಕೈಯನ್ನು ದಾಟಿಕೊಂಡು ಬೇರೆ ಕಡೆ ಹೊರಳುತ್ತದೆ. ಅಂಗೈ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಮರುದಿನವೂ. ಮುದುಕಿ ಯಾರಿಗೂ ಹೇಳುವುದಿಲ್ಲ, ಹೇಳಿಕೊಳ್ಳುವ ವಿಷಯವಲ್ಲ ಅದು. ಕೆಲವು ದಿನ ಊಟದ ಹೊತ್ತಿಗೆ ಕಡಿಮೆ ಮಾತಾಡುತ್ತಾಳೆ, ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಾಳೆ, ಅದು ಯಾವಾಗ ತಣ್ಣಗಾಯಿತು ಎಂದು. ಪೂಜೆಗೆ ಮೊದಲು ಒಂದು ಸಂಜೆ ಮಾಸುಮಿ ಇಕ್ಕಳ ಹಿಡಿದು ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಇದೆಲ್ಲವೂ ಅವಳಿಗೆ ಕಂಡಿತು, ಕಂಡ ಮೇಲೂ ಅವಳು ಪಾತ್ರೆಯನ್ನು ಒಲೆಯಿಂದ ಇಳಿಸಲಿಲ್ಲ. ಹಳದಿ ಒಂದು ಬದಿಗೆ ಜಾರದಿರಲಿ ಎಂದು ಚಮಚದಿಂದ ಮೊಟ್ಟೆಗಳನ್ನು ಮೆಲ್ಲಗೆ ತಿರುಗಿಸುತ್ತ ನಿಂತಳು.

ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು. "ಒಲೆ ಮೇಲೆ ಏನಿದೆ ಮಾಸುಮಿ?"

"ನೀರು, ಅಮ್ಮ."

ಚಿಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದ್ದವು. ಅವಳು ಉರಿಯನ್ನು ಸಣ್ಣ ಮಾಡಿದಳು.